ಫ್ಲ್ಯಾಶ್ ಹತ್ತಿರ ನಿಂತವರ ಪಕ್ಷ: ರಾತ್ರಿ ಫೋಟೊಗಳಲ್ಲಿ ನಮ್ಮ ಜನ ಎಲ್ಲಿ ಹೋದರು?

ನಿಮ್ಮೂರಿನಲ್ಲಿ ರಾತ್ರಿ ಹೊತ್ತು ನಡೆದ ಯಾವುದಾದರೂ ಸುದ್ದಿಯ ಫೋಟೊ ಮೊಬೈಲಿನಲ್ಲಿ ಇದ್ದರೆ ಈಗಲೇ ತೆಗೆದು ನೋಡಿ. ಜಾತ್ರೆ, ದೊಡ್ಡಾಟ, ಧರಣಿ, ಭಜನೆ, ಟ್ಯಾಂಕರ್ ನೀರಿನ ಸರದಿ, ಯಾವುದಾದರೂ ಸರಿ. ಮುಂದೆ ನಿಂತ ನಾಲ್ಕು ಮಂದಿಯ ಮುಖ ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ. ಅವರ ಹಿಂದೆ ಬರೀ ಕಪ್ಪು. ಆ ಕಪ್ಪಿನೊಳಗೆ ಅವತ್ತು ಮುನ್ನೂರು ಮಂದಿ ನಿಂತಿದ್ದರು ಎಂಬುದು ನಿಮಗೆ ಗೊತ್ತು, ಯಾಕೆಂದರೆ ನೀವೂ ಅಲ್ಲಿದ್ದಿರಿ. ಮರುದಿನ ಪೇಪರ್ ನೋಡುವ ಅಧಿಕಾರಿಗೆ ಅದು ಗೊತ್ತಾಗುವುದಿಲ್ಲ. ಅವರ ಲೆಕ್ಕದಲ್ಲಿ ಧರಣಿಗೆ ಬಂದವರು ನಾಲ್ಕೇ ಮಂದಿ.

ನಾವು ಹಳ್ಳಿ ಸುತ್ತಿ ಸುದ್ದಿ, ಫೋಟೊ ಕಳಿಸುವ ಜಿಲ್ಲಾ ಸ್ಟ್ರಿಂಗರ್‌ಗಳು. ಇಂಥ ಫೋಟೊಗಳ ಬಗ್ಗೆ ನಮ್ಮಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಕೇಳಿದರೆ "ರಾತ್ರಿ ಅಲ್ವೇನ್ರಿ, ಕತ್ತಲು ಇರೋದೇ" ಅನ್ನುತ್ತಾರೆ. ಕತ್ತಲ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ. ಕ್ಯಾಮೆರಾ ಅಗ್ಗದ್ದು ಎಂಬ ಸಬೂಬೂ ಬೇಡ. ಫ್ಲ್ಯಾಶನ್ನು ಆಟೋದಲ್ಲಿ ಬಿಟ್ಟು ಕೈ ತೊಳೆದುಕೊಳ್ಳುವ ಅಭ್ಯಾಸವೇ ಇದಕ್ಕೆ ಕಾರಣ. ಆ ಅಭ್ಯಾಸವನ್ನು ಪತ್ರಿಕೆಯ ಡೆಸ್ಕು ಬೆಳೆಸಿದೆ, ಪತ್ರಿಕೋದ್ಯಮದ ತರಗತಿ ತಿದ್ದಿಲ್ಲ, ನಮ್ಮವರು ಪ್ರಶ್ನೆ ಮಾಡಿಲ್ಲ. ಇದಕ್ಕೆ ಪರಿಹಾರ ಕ್ಯಾಮೆರಾದ ಒಳಗೇ ಇದೆ. ಸ್ಲೋ ಸಿಂಕ್ ಅಂತ ಅದರ ಹೆಸರು. ಅದು ಕೈಯಲ್ಲಿದ್ದೂ ಬಳಸದೆ ತೆಗೆದ ರಾತ್ರಿ ಫೋಟೊ ಅರ್ಧ ಸುದ್ದಿ ಅಂತಲೇ ನಾವು ಹೇಳುತ್ತೇವೆ.

ಮೊದಲು ಲೆಕ್ಕ ನೋಡಿ

ಫ್ಲ್ಯಾಶಿನ ಬೆಳಕು ದೂರ ಹೋದಂತೆ ತೀರಾ ಬೇಗ ಸೊರಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಕ್ಯಾಮೆರಾದಿಂದ 6 ಅಡಿ ದೂರ ನಿಂತವರ ಮೇಲೆ 16 ಪಾಲು ಬೆಳಕು ಬಿತ್ತು ಅನ್ನಿ. 12 ಅಡಿಯಲ್ಲಿ ನಿಂತವರಿಗೆ ಸಿಗುವುದು 4 ಪಾಲು. 24 ಅಡಿಯಲ್ಲಿ ಕುಳಿತವರಿಗೆ 1 ಪಾಲು. ಅದರಾಚೆ ಇರುವವರು ಲೆಕ್ಕಕ್ಕೇ ಇಲ್ಲ.

ಈಗ ನಮ್ಮ ಸಭೆ, ಧರಣಿ, ಉದ್ಘಾಟನೆಗಳಲ್ಲಿ 6 ಅಡಿಯಲ್ಲಿ ಯಾರು ನಿಲ್ಲುತ್ತಾರೆ ಎಂದು ನೆನಪಿಸಿಕೊಳ್ಳಿ. ಲೀಡರು, ಮೆಂಬರು, ಗುತ್ತಿಗೆದಾರ, ಶಾಲು ಹೊದಿಸಿಕೊಂಡವರು. 24 ಅಡಿಯಲ್ಲಿ ಯಾರು? ಕೊಡ ಹಿಡಿದ ಹೆಂಗಸರು, ಕೂಸು ಎತ್ತಿಕೊಂಡವರು, ಕೂಲಿ ಮುಗಿಸಿ ನೇರ ಬಂದವರು. ಆಟೋ ಫ್ಲ್ಯಾಶ್ ಯಾರನ್ನೂ ನೋಡಿ ಭೇದ ಮಾಡುವುದಿಲ್ಲ, ಅದು ಬರೀ ಯಂತ್ರ. ಆದರೆ ಹತ್ತಿರ ನಿಲ್ಲುವ ಅವಕಾಶ ಯಾರಿಗೆ ಸಿಗುತ್ತದೆ ಎಂಬುದರಲ್ಲಿ ಊರಿನ ಭೇದವೆಲ್ಲ ಇದೆ. ಯಂತ್ರ ಅದನ್ನು ಹಾಗೇ ಅಚ್ಚು ಹಾಕಿ ಕೊಡುತ್ತದೆ. ಹೀಗಾಗಿ ಫ್ಲ್ಯಾಶ್ ಯಾವಾಗಲೂ ಹತ್ತಿರ ನಿಂತವರ ಪಕ್ಷ.

ಸ್ಲೋ ಸಿಂಕ್ ಮಾಡುವುದೇನು?

ಮಳೆಗಾಲದ ರಾತ್ರಿ ಮನೆಯ ಕಿಟಕಿಯನ್ನು ನೆನೆಸಿಕೊಳ್ಳಿ. ಮಿಂಚು ಹೊಡೆಯುವ ಕ್ಷಣಕ್ಕೆ ಕಿಟಕಿ ತೆರೆದು ಮುಚ್ಚಿದರೆ ಒಳಗೆ ಬರುವುದು ಮಿಂಚಿನ ಬೆಳಕು ಮಾತ್ರ. ಕಿಟಕಿಯನ್ನು ಇನ್ನಷ್ಟು ಹೊತ್ತು ತೆರೆದಿಟ್ಟರೆ ಮಿಂಚು ಅಷ್ಟೇ ಇರುತ್ತದೆ, ಬೀದಿ ದೀಪದ ಬೆಳಕು ಮಾತ್ರ ಹೆಚ್ಚು ಬರುತ್ತದೆ. ಕ್ಯಾಮೆರಾದ ಶಟರ್ ಆ ಕಿಟಕಿ. ಫ್ಲ್ಯಾಶ್ ಆ ಮಿಂಚು. ಮಿಂಚು ಹೊಡೆಯುವಾಗ ಕಿಟಕಿ ಪೂರ್ತಿ ತೆರೆದಿರುವಂತೆ ಹೊಂದಿಸುವುದಕ್ಕೇ ಸಿಂಕ್ ಅನ್ನುವುದು.

ಆಟೋದಲ್ಲಿ ಬಿಟ್ಟಾಗ ಸಾಮಾನ್ಯವಾಗಿ ಕ್ಯಾಮೆರಾ ಶಟರನ್ನು ಸೆಕೆಂಡಿನ 1/60 ಭಾಗಕ್ಕಿಂತ ಹೆಚ್ಚು ಹೊತ್ತು ತೆರೆದಿಡುವುದಿಲ್ಲ. ಕೈ ಅಲ್ಲಾಡಿ ಚಿತ್ರ ಕೆಡಬಾರದು ಎಂಬುದು ಕಂಪನಿಯವರ ಮುನ್ನೆಚ್ಚರಿಕೆ. ಫ್ಲ್ಯಾಶ್ ಹೊತ್ತಿ ಆರುವುದಕ್ಕೆ ಅದಕ್ಕಿಂತ ತೀರಾ ಕಡಿಮೆ ಹೊತ್ತು ಸಾಕು. ಹಾಗಾಗಿ ಶಟರನ್ನು 1/60 ರಿಂದ 1/15 ಕ್ಕೆ ಇಳಿಸಿದರೂ ಮುಂದಿನವರ ಮೇಲೆ ಬಿದ್ದ ಫ್ಲ್ಯಾಶ್ ಬೆಳಕು ಹೆಚ್ಚಾಗುವುದಿಲ್ಲ. ಹಿಂದಿನ ಟ್ಯೂಬ್‌ಲೈಟು, ಬೀದಿ ಬಲ್ಬು, ಪೆಟ್ರೋಮ್ಯಾಕ್ಸು, ದೊಂದಿಯ ಬೆಳಕು ಮಾತ್ರ ನಾಲ್ಕು ಪಟ್ಟಾಗುತ್ತದೆ. ಐಎಸ್ಒ ಅನ್ನು 400 ರಿಂದ 1600 ಕ್ಕೆ ಏರಿಸಿದರೆ ಇನ್ನೂ ನಾಲ್ಕು ಪಟ್ಟು. ಒಟ್ಟು 16 ಪಟ್ಟು. ಐಎಸ್ಒ ಏರಿದಷ್ಟೂ ಫ್ಲ್ಯಾಶ್ ತನ್ನ ಬೆಳಕನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ಮುಂದಿನ ಮುಖ ಸುಣ್ಣವಾಗುವುದಿಲ್ಲ. ಕತ್ತಲಲ್ಲಿ ಮುಚ್ಚಿಹೋಗಿದ್ದ ಹಿಂದಿನ ಸಾಲು ಎದ್ದು ಬರುತ್ತದೆ.

ಇದಕ್ಕೆ ಹೊಸ ಕ್ಯಾಮೆರಾ ಬೇಡ. ನಿಕಾನ್‌ನ ಹಲವು ಮಾದರಿಗಳಲ್ಲಿ ಪಿ ಅಥವಾ ಎ ಮೋಡ್‌ನಲ್ಲಿಟ್ಟು, ಮಿಂಚಿನ ಗುರುತಿನ ಬಟನ್ ಒತ್ತಿ ಹಿಡಿದು ಡಯಲ್ ತಿರುಗಿಸಿದರೆ ಸ್ಲೋ ಎಂಬ ಆಯ್ಕೆ ಬರುತ್ತದೆ. ಕ್ಯಾನನ್‌ನಲ್ಲಿ ಎವಿ ಮೋಡ್‌ಗೆ ಹಾಕಿ ಫ್ಲ್ಯಾಶ್ ಎತ್ತಿದರೆ, ಅಲ್ಲಿಯ ಬೆಳಕಿಗೆ ತಕ್ಕಂತೆ ಶಟರ್ ತಾನೇ ನಿಧಾನವಾಗುತ್ತದೆ. ಮ್ಯಾನ್ಯುಯಲ್ ಗೊತ್ತಿದ್ದವರು ಐಎಸ್ಒ 1600, ಎಫ್/4, ಶಟರ್ 1/15 ಇಟ್ಟು, ಫ್ಲ್ಯಾಶನ್ನು ಒಂದು ಸ್ಟಾಪ್ ತಗ್ಗಿಸಿ ಶುರು ಮಾಡಲಿ. ಊರ ಚೌಕದ ಬೀದಿ ದೀಪಕ್ಕೆ ಇದು ಸುಮಾರಾಗಿ ಹೊಂದುತ್ತದೆ. ಕಡಿಮೆಯಾದರೆ ಏರಿಸಿ, ಹೆಚ್ಚಾದರೆ ಇಳಿಸಿ.

ಕಪ್ಪಾಗಿ ಹೋದ ಸುದ್ದಿಗಳು

ಹಳ್ಳಿಯ ದೊಡ್ಡ ಸುದ್ದಿಗಳಲ್ಲಿ ಎಷ್ಟೋ ರಾತ್ರಿಯೇ ನಡೆಯುತ್ತವೆ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರೆ ರೈತರು ಆ ಹೊತ್ತಿಗೇ ಹೊಲಕ್ಕೆ ಹೋಗಬೇಕು. ಹಾವು ಇರಲಿ, ಚಳಿ ಇರಲಿ, ಮೋಟರು ಚಾಲೂ ಮಾಡಿ ನೀರು ತಿರುವಲೇಬೇಕು. ಇದನ್ನು ಆಟೋ ಫ್ಲ್ಯಾಶಿನಲ್ಲಿ ತೆಗೆದರೆ ಸಿಗುವುದೇನು? ಕಪ್ಪು ಪರದೆಯ ಮುಂದೆ ಸಲಿಕೆ ಹಿಡಿದು ಕಣ್ಣು ಕಿರಿದು ಮಾಡಿ ನಿಂತ ಒಬ್ಬ ಮನುಷ್ಯ. ಸ್ಟುಡಿಯೊದಲ್ಲಿ ನಿಲ್ಲಿಸಿ ತೆಗೆದರೂ ಹೀಗೇ ಇರುತ್ತದೆ. ಅದೇ ಜಾಗದಲ್ಲಿ ಸ್ಲೋ ಸಿಂಕ್ ಹಾಕಿ ತೆಗೆದರೆ ಪಂಪ್‌ಸೆಟ್ ಸ್ಟಾರ್ಟರಿನ ಕೆಂಪು ದೀಪ ಕಾಣುತ್ತದೆ. ಬದುವಿನ ಮೇಲೆ ಇಟ್ಟ ಬ್ಯಾಟರಿಯ ಬೆಳಕು ನೀರಿನಲ್ಲಿ ಹೊಳೆಯುವುದು ಕಾಣುತ್ತದೆ. ದೂರದ ಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಬೇರೆಯವರ ಬ್ಯಾಟರಿಗಳೂ ಕಾಣುತ್ತವೆ. ಆಗ ಅದು ಒಬ್ಬ ರೈತನ ಫೋಟೊ ಅಲ್ಲ, ಇಡೀ ಊರು ನಿದ್ದೆಗೆಟ್ಟಿದೆ ಎಂಬುದಕ್ಕೆ ಸಾಕ್ಷಿ. ರಾತ್ರಿ ಕರೆಂಟಿನ ಬಗ್ಗೆ ಎರಡು ಕಾಲಂ ಬರೆದರೂ ಆ ಸಾಕ್ಷಿ ಸಿಗುವುದಿಲ್ಲ.

ಕಬ್ಬಿನ ಸೀಸನ್ನಿನಲ್ಲಿ ರಸ್ತೆ ಅಪಘಾತದ ಫೋಟೊ ನೋಡಿ. ಟ್ರ್ಯಾಲಿಯ ಹಿಂದೆ ಅಂಟಿಸುವ ರಿಫ್ಲೆಕ್ಟರ್ ಪಟ್ಟಿ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಹೊಡೆದಾಗ ಒಂದು ತುಂಡು ಪಟ್ಟಿ ಇದ್ದರೂ ಅದು ಧಗಧಗ ಹೊಳೆಯುತ್ತದೆ. ಅದೇ ಹೊಳಪಿಗೆ ಮೋಸ ಹೋದ ಕ್ಯಾಮೆರಾ ಫ್ಲ್ಯಾಶನ್ನು ತಗ್ಗಿಸಿ ಉಳಿದದ್ದನ್ನೆಲ್ಲ ಇನ್ನಷ್ಟು ಕಪ್ಪು ಮಾಡುತ್ತದೆ. ಫೋಟೊ ನೋಡಿದವರು "ರಿಫ್ಲೆಕ್ಟರ್ ಚೆನ್ನಾಗೇ ಇತ್ತಲ್ಲ, ಬೈಕಿನವನದ್ದೇ ತಪ್ಪು" ಎಂದುಬಿಡುತ್ತಾರೆ. ಆ ರಸ್ತೆಯಲ್ಲಿ ದೀಪ ಇತ್ತೋ ಇಲ್ಲವೋ, ಟ್ರ್ಯಾಲಿ ರಸ್ತೆಯ ಎಷ್ಟು ಭಾಗ ಆಕ್ರಮಿಸಿತ್ತು ಎಂಬ ಪ್ರಶ್ನೆಗಳು ಆ ಕಪ್ಪಿನೊಳಗೇ ಉಳಿಯುತ್ತವೆ. ಇಂಥ ಜಾಗದಲ್ಲಿ ಫ್ಲ್ಯಾಶ್ ಹಾಕಿದ್ದೊಂದು, ಹಾಕದೆ ಕ್ಯಾಮೆರಾವನ್ನು ಬೈಕಿನ ಸೀಟಿನ ಮೇಲೆ ಊರಿ ತೆಗೆದದ್ದೊಂದು, ಎರಡೂ ಬೇಕು.

ಜಾತ್ರೆಯದು ಇನ್ನೊಂದು ಕಥೆ. ಭಂಡಾರ ಹಾರಿಸುವಲ್ಲಿ, ಧೂಳೆದ್ದಲ್ಲಿ ಫ್ಲ್ಯಾಶ್ ಹೊಡೆದರೆ ಲೆನ್ಸಿನ ಮುಂದಿನ ಕಣಗಳೆಲ್ಲ ಬಿಳಿ ಉಂಡೆಗಳಾಗಿ ಮೂಡುತ್ತವೆ. ಫೋಕಸ್ಸಿಗೆ ಸಿಗದ ಧೂಳು ಅದು. ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಅದು ದೇವರ ಬೆಳಕಾಗಿಯೂ ದೆವ್ವವಾಗಿಯೂ ಓಡಾಡುತ್ತದೆ.

ಫ್ಲ್ಯಾಶ್ ಹುಟ್ಟಿದ್ದು ಇದಕ್ಕಲ್ಲ

ಮೆಗ್ನೀಸಿಯಂ ಪುಡಿಯ ಫ್ಲ್ಯಾಶನ್ನು ಜರ್ಮನಿಯ ಇಬ್ಬರು 1887 ರಲ್ಲಿ ಮಾಡಿದರು. ಅದನ್ನು ಬಹುಬೇಗ ಕೈಗೆತ್ತಿಕೊಂಡವರಲ್ಲಿ ನಮ್ಮಂಥ ಒಬ್ಬ ವರದಿಗಾರ ಇದ್ದ. ಹೆಸರು ಜೇಕಬ್ ರೀಸ್. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಲ್ಲಿ ಪೊಲೀಸ್ ಸುದ್ದಿ ಬರೆಯುತ್ತಿದ್ದವನು. ಬಡವರ ಬಾಡಿಗೆ ಕೋಣೆಗಳಲ್ಲಿ, ಕಿಟಕಿ ಇಲ್ಲದ ಕತ್ತಲಲ್ಲಿ ಜನ ಒತ್ತೊತ್ತಾಗಿ ಮಲಗುವುದನ್ನು ಎಷ್ಟು ಬರೆದರೂ ಓದುಗರ ಕಣ್ಣಿಗೆ ಕಟ್ಟುತ್ತಿರಲಿಲ್ಲ. ಫ್ಲ್ಯಾಶ್ ಪುಡಿ ತೆಗೆದುಕೊಂಡು ಹೋಗಿ ಆ ಕೋಣೆಗಳನ್ನು ತೋರಿಸಿದ. 1890 ರಲ್ಲಿ ಅದು ಪುಸ್ತಕವಾಗಿ ಬಂತು. 1901 ರಲ್ಲಿ ನ್ಯೂಯಾರ್ಕ್ ರಾಜ್ಯ ಬಾಡಿಗೆ ವಠಾರಗಳಿಗೆ ಗಾಳಿ, ಬೆಳಕು, ಶೌಚಾಲಯ ಕಡ್ಡಾಯ ಮಾಡುವ ಕಾಯ್ದೆ ತಂದಿತು. ಅದಕ್ಕೆ ಜನಾಭಿಪ್ರಾಯ ಕಟ್ಟಿದವರಲ್ಲಿ ಇವನೂ ಒಬ್ಬ.

ರೀಸ್‌ನನ್ನು ಪೂಜಿಸಿ ಎಂದು ನಾವು ಹೇಳುತ್ತಿಲ್ಲ. ಮಲಗಿದ್ದವರ ಕೋಣೆಗೆ ಏಕಾಏಕಿ ನುಗ್ಗಿ ಪುಡಿ ಸಿಡಿಸಿ ಫೋಟೊ ತೆಗೆದದ್ದೂ ಉಂಟು. ಆ ಪುಡಿಯಿಂದ ಎರಡು ಸಲ ಮನೆಗೆ ಬೆಂಕಿ ಹತ್ತಿತ್ತು ಎಂದು ಅವನೇ ಬರೆದುಕೊಂಡಿದ್ದಾನೆ. ಆದರೆ ಫ್ಲ್ಯಾಶ್ ಯಾತಕ್ಕೆ ಎಂಬುದು ಅವನಿಗೆ ಸ್ಪಷ್ಟವಿತ್ತು. ಕತ್ತಲಲ್ಲಿ ಇದ್ದವರನ್ನು ಕಾಣಿಸುವುದಕ್ಕೆ. 130 ವರ್ಷಗಳ ನಂತರ, ಅದಕ್ಕಿಂತ ಸಾವಿರ ಪಾಲು ಸುಲಭದ ಸಾಧನ ಕೈಯಲ್ಲಿಟ್ಟುಕೊಂಡು, ನಮ್ಮ ಪತ್ರಿಕೆಗಳು ಮೊದಲೇ ಬೆಳಕಿನಲ್ಲಿ ಇರುವವರ ಮೇಲೆ ಇನ್ನಷ್ಟು ಬೆಳಕು ಸುರಿಯುತ್ತಿವೆ.

ಡೆಸ್ಕಿನವರ ಆಕ್ಷೇಪಗಳು

"ಹಿಂದೆ ಅಲ್ಲಾಡಿದಂಗೆ ಇದೆ, ಇದು ಬೇಡ. ಫ್ಲ್ಯಾಶ್ ಹಾಕಿದ್ದು ಕಳ್ಸಿ" ಎಂಬ ಫೋನು ನಮ್ಮಲ್ಲಿ ಹಲವರಿಗೆ ಬಂದಿದೆ. ಯಾವ ಪತ್ರಿಕೆಯವರು ಎಂದು ಇಲ್ಲಿ ಹೆಸರು ಬೇಕಿಲ್ಲ. ಫೋಟೊ ಅಚ್ಚಾದರೆ ಮಾತ್ರ ಕಾಸು ಎಂಬ ಲೆಕ್ಕದಲ್ಲಿ ದುಡಿಯುವವರು ಆಮೇಲೆ ಪ್ರಯೋಗಕ್ಕೆ ಕೈ ಹಾಕುವುದಿಲ್ಲ. ಆಟೋಗೆ ಹಾಕಿ ಹೊಡೆದು ಕಳಿಸುತ್ತಾರೆ. ಅವರನ್ನು ಬೈಯುವ ಮೊದಲು ಡೆಸ್ಕಿನವರು ಈ ಮಾತು ಕೇಳಲಿ.

ಅಲ್ಲಾಡುತ್ತದೆ ಎಂಬುದು ಅರ್ಧ ನಿಜ. ಮುಂದಿನ ಮುಖಗಳನ್ನು ಫ್ಲ್ಯಾಶ್ ಹಿಡಿದು ನಿಲ್ಲಿಸುತ್ತದೆ, ಅವು ಸ್ಪಷ್ಟವಾಗಿಯೇ ಇರುತ್ತವೆ. ಹಿಂದಿನವರು 1/15 ರಲ್ಲಿ ತುಸು ಮಸುಕಾಗಬಹುದು. ಗೋಡೆಗೋ ಕಂಬಕ್ಕೋ ಭುಜ ಕೊಟ್ಟು, ಉಸಿರು ಬಿಗಿಹಿಡಿದು ತೆಗೆದರೆ ಅದೂ ಕಡಿಮೆ. ನಾವು ಕೇಳುವುದು ಇಷ್ಟು: ಮುನ್ನೂರು ಮಂದಿ ತುಸು ಮಸುಕಾಗಿ ಇರುವುದು ವಾಸಿಯೋ, ಇಲ್ಲವೇ ಇಲ್ಲದಿರುವುದು ವಾಸಿಯೋ?

"ರಾತ್ರಿಯನ್ನು ಹಗಲು ಮಾಡಿದರೆ ಅದೂ ಸುಳ್ಳೇ" ಎಂದು ಇನ್ನು ಕೆಲವರು ಹೇಳುತ್ತಾರೆ. ಇದನ್ನು ನಾವು ಒಪ್ಪುತ್ತೇವೆ. ಶಟರನ್ನು ನಾಲ್ಕು ಸೆಕೆಂಡು ತೆರೆದಿಟ್ಟು ಒಂದೇ ಬಲ್ಬಿನ ಓಣಿಯನ್ನು ದೀಪಾವಳಿ ಮಾಡಿ ತೋರಿಸಿದರೆ, ಬೀದಿ ದೀಪ ಇಲ್ಲ ಎಂದು ಅರ್ಜಿ ಕೊಟ್ಟ ಜನರಿಗೆ ಅದು ದ್ರೋಹ. ಅಲ್ಲಿ ನಿಂತವರ ಕಣ್ಣಿಗೆ ಎಷ್ಟು ಕಂಡಿತೋ ಅಷ್ಟು ಕಾಣಲಿ. ಅಳತೆ ಅದೇ. ಕಣ್ಣಿಗೆ ಕಂಡ ಜನರನ್ನು ಆಟೋ ಫ್ಲ್ಯಾಶ್ ಅಳಿಸುವುದು ಎಷ್ಟು ಸುಳ್ಳೋ, ಕಾಣದ ಬೆಳಕನ್ನು ಸೇರಿಸುವುದೂ ಅಷ್ಟೇ ಸುಳ್ಳು.

"ಸುದ್ದಿಯ ಗಡಿಬಿಡಿಯಲ್ಲಿ ಇದಕ್ಕೆಲ್ಲ ಟೈಮ್ ಎಲ್ಲಿ" ಎನ್ನುವುದು ಮೂರನೆಯ ಮಾತು. ಮನೆಯಿಂದ ಹೊರಡುವಾಗ ಒಂದು ಸಲ ಸೆಟ್ ಮಾಡಿದರೆ ಮುಗಿಯಿತು. ಗಾಡಿಗೆ ಪೆಟ್ರೋಲ್ ನೋಡಿಕೊಂಡು ಹೊರಡುವುದಿಲ್ಲವೇ?

ಕುಣಿತಕ್ಕೆ ರಿಯರ್ ಸಿಂಕ್

ಮೆನುವಿನಲ್ಲಿ ರಿಯರ್ ಅಥವಾ ಸೆಕೆಂಡ್ ಕರ್ಟನ್ ಎಂಬ ಇನ್ನೊಂದು ಆಯ್ಕೆ ಇದೆ. ಕ್ಯಾಮೆರಾದ ಶಟರಿನಲ್ಲಿ ಎರಡು ಪರದೆ. ಮೊದಲನೆಯದು ಸರಿದು ದಾರಿ ಬಿಡುತ್ತದೆ, ಎರಡನೆಯದು ಬಂದು ಮುಚ್ಚುತ್ತದೆ. ಮಾಮೂಲಿಯಾಗಿ ಮೊದಲ ಪರದೆ ಸರಿದ ಕೂಡಲೇ ಫ್ಲ್ಯಾಶ್ ಹೊಡೆಯುತ್ತದೆ. ರಿಯರ್‌ನಲ್ಲಿ ಎರಡನೇ ಪರದೆ ಮುಚ್ಚುವ ಮುಂಚಿನ ಕ್ಷಣಕ್ಕೆ ಹೊಡೆಯುತ್ತದೆ.

ನಿಧಾನದ ಶಟರಿನಲ್ಲಿ ಈ ವ್ಯತ್ಯಾಸ ದೊಡ್ಡದು. ದೊಂದಿ ಹಿಡಿದು ಓಡುವವರನ್ನು ಮಾಮೂಲಿ ಸಿಂಕ್‌ನಲ್ಲಿ ತೆಗೆದರೆ ಮನುಷ್ಯ ಮೊದಲು ಮೂಡುತ್ತಾನೆ, ಬೆಂಕಿಯ ಗೆರೆ ಅವನ ಮುಂದಕ್ಕೆ ಚಾಚುತ್ತದೆ. ನೋಡಿದರೆ ಹಿಮ್ಮುಖವಾಗಿ ಓಡಿದಂತೆ. ರಿಯರ್‌ನಲ್ಲಿ ಗೆರೆ ಹಿಂದೆ ಉಳಿದು ಮನುಷ್ಯ ಮುಂದೆ ನಿಲ್ಲುತ್ತಾನೆ, ಕಣ್ಣು ಕಂಡಂತೆ. ವೀರಗಾಸೆಯ ಕತ್ತಿ, ಡೊಳ್ಳಿನವರ ತಿರುಗು, ಮೊಹರಮ್ಮಿನ ಅಲಾಯಿ ಕುಣಿತ, ಬೆಂಗಳೂರಿನ ರಾತ್ರಿ ಕರಗ, ಎಲ್ಲದಕ್ಕೂ ಇದು ಹೊಂದುತ್ತದೆ. ರಾತ್ರಿಯಿಡೀ ಕುಣಿದ ಮೇಳವನ್ನು ಬೊಂಬೆಯ ಹಾಗೆ ನಿಲ್ಲಿಸಿ ಅಚ್ಚು ಹಾಕುವುದು ಆ ಕಲಾವಿದರಿಗೆ ಮಾಡುವ ಅವಮಾನ.

ಒಂದು ಎಚ್ಚರಿಕೆ. ಬೆಳಕು ಅಳೆಯಲು ಹಲವು ಕ್ಯಾಮೆರಾಗಳು ಮೊದಲು ಒಂದು ಸಣ್ಣ ಮಿಂಚು ಹೊಡೆಯುತ್ತವೆ. ರಿಯರ್‌ನಲ್ಲಿ ದೊಡ್ಡ ಮಿಂಚು ಬರುವುದು ಕೊನೆಗೆ. ಮೊದಲನೆಯದಕ್ಕೇ ಫೋಟೊ ಮುಗಿಯಿತು ಎಂದು ಜನ ತಿರುಗಿಬಿಡುತ್ತಾರೆ. "ಎರಡನೇ ಸಲ ಬೆಳಕು ಬರೋತನಕ ಅಲ್ಲಾಡಬ್ಯಾಡ್ರಿ" ಎಂದು ಮೊದಲೇ ಹೇಳಿ. ಹಾಗೇ, ಕೆಂಡ ಹಾಯುವವರ ಕಣ್ಣಿಗೆ, ರಂಗದ ಮೇಲೆ ಹೆಜ್ಜೆ ಹಾಕುವವರ ಕಣ್ಣಿಗೆ ಎದುರಿನಿಂದ ಫ್ಲ್ಯಾಶ್ ಹೊಡೆಯಲೇಬೇಡಿ. ಯಾವ ಮೋಡ್ ಆದರೂ ಅಷ್ಟೇ.

ಹಗಲಿನಲ್ಲಿ ಉಲ್ಟಾ

ಆಟೋದ ಬುದ್ಧಿ ಹಗಲಲ್ಲೂ ಕೆಟ್ಟದ್ದೇ. ನಡು ಮಧ್ಯಾಹ್ನ ರುಮಾಲು ಸುತ್ತಿದ, ತಲೆ ಮೇಲೆ ಸೆರಗು ಹೊದ್ದವರ ಮುಖಕ್ಕೆ ನೆರಳು ಬಿದ್ದು ಕಣ್ಣೇ ಕಾಣುವುದಿಲ್ಲ. ಬಿಸಿಲು ಜೋರಾಗಿದೆಯಲ್ಲ ಎಂದು ಆಟೋ ಫ್ಲ್ಯಾಶ್ ಸುಮ್ಮನಿರುತ್ತದೆ. ಬೇಕಾದ ಹೊತ್ತಿಗೆ ಇಲ್ಲ, ಬೇಡದ ಹೊತ್ತಿಗೆ ಹಾಜರ್. ಆಗ ನೀವೇ ಫ್ಲ್ಯಾಶ್ ಆನ್ ಮಾಡಬೇಕು. ಇದಕ್ಕೆ ಫಿಲ್ ಫ್ಲ್ಯಾಶ್ ಅನ್ನುತ್ತಾರೆ.

ಆದರೆ ಇಲ್ಲೂ ಮಿತಿ ಇದೆ. ಎಷ್ಟೋ ಕ್ಯಾಮೆರಾಗಳಲ್ಲಿ ಸಿಂಕ್ ಸಿಗುವುದು 1/200 ರವರೆಗೆ ಮಾತ್ರ. ಅದಕ್ಕಿಂತ ವೇಗವಾದರೆ ಎರಡು ಪರದೆಗಳ ನಡುವೆ ಒಂದು ಸೀಳು ಮಾತ್ರ ಓಡುತ್ತದೆ, ಫೋಟೊದ ಒಂದು ಭಾಗ ಕಪ್ಪಾಗುತ್ತದೆ. ಉರಿಬಿಸಿಲಿನಲ್ಲಿ ಐಎಸ್ಒ 100, 1/200 ಇಟ್ಟರೆ ಎಫ್/11 ಬೇಕು. ಗೈಡ್ ನಂಬರ್ 12 ಇರುವ ಕ್ಯಾಮೆರಾದ ಸಣ್ಣ ಫ್ಲ್ಯಾಶ್ ಎಫ್/11 ರಲ್ಲಿ ಮುಟ್ಟುವುದು ಒಂದು ಮೀಟರಿಗಿಂತ ತುಸು ದೂರ. ಹೈ ಸ್ಪೀಡ್ ಸಿಂಕ್ ಎಂಬ ಮೋಡ್ ಇರುವ ಫ್ಲ್ಯಾಶ್‌ಗಳು ವೇಗದ ಶಟರಿಗೂ ಹೊಂದುತ್ತವೆ, ಆದರೆ ಸಣ್ಣ ಸಣ್ಣದಾಗಿ ಹಲವು ಸಲ ಹೊಡೆಯುವುದರಿಂದ ಬೆಳಕಿನ ಬಲ ಕುಗ್ಗುತ್ತದೆ. ಹತ್ತಿರ ಹೋಗಿ ಮಾತಾಡಿಸಿ ತೆಗೆಯಿರಿ. ಇಲ್ಲವೇ ಬೇವಿನ ಮರದ ನೆರಳಿಗೆ ಕರೆದುಕೊಂಡು ಬನ್ನಿ.

ಮೊಬೈಲ್ ಮಾತ್ರ ಇರುವವರಿಗೆ

ಈಗಿನ ಮೊಬೈಲಿನಲ್ಲಿ ಇರುವುದು ಕ್ಯಾಮೆರಾದಂಥ ಫ್ಲ್ಯಾಶ್ ಅಲ್ಲ, ಸಣ್ಣ ಎಲ್ಇಡಿ ದೀಪ. ಅದು ಮಿಂಚುವುದಿಲ್ಲ, ಚಿತ್ರ ಮುಗಿಯುವವರೆಗೆ ಉರಿಯುತ್ತದೆ. ಅದರ ಬೆಳಕು ನಾಲ್ಕೈದು ಹೆಜ್ಜೆಯಾಚೆ ಸಾಯುತ್ತದೆ. ಸುದ್ದಿಗೆ ಅದನ್ನು ಆಫ್ ಮಾಡಿ. ನೈಟ್ ಮೋಡ್ ಇದ್ದರೆ ಹಾಕಿ. ಅದು ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಕೂಡಿಸುತ್ತದೆ, ಹಾಗಾಗಿ ಫೋನು ಅಲ್ಲಾಡಬಾರದು. ಕಟ್ಟೆಯ ಮೇಲೆ, ಬೈಕಿನ ಸೀಟಿನ ಮೇಲೆ ಊರಿ, ಮೂರು ಸೆಕೆಂಡಿನ ಟೈಮರ್ ಇಡಿ. ಮುಖಕ್ಕೆ ಬೆಳಕು ಸಾಲದಿದ್ದರೆ ಗೆಳೆಯನ ಮೊಬೈಲ್ ಟಾರ್ಚಿಗೆ ಬಿಳಿ ಕರವಸ್ತ್ರ ಮುಚ್ಚಿ ಪಕ್ಕದಿಂದ ಹಿಡಿಯಲು ಹೇಳಿ. ಓಡಾಡುವ ಜನ ನೈಟ್ ಮೋಡ್‌ನಲ್ಲಿ ಕಲಸಿಹೋಗುತ್ತಾರೆ. ಅಂಥಲ್ಲಿ ಮಾಮೂಲಿ ಮೋಡ್‌ನಲ್ಲಿ, ಫ್ಲ್ಯಾಶ್ ಇಲ್ಲದೆ, ಬೀದಿ ದೀಪದ ಕೆಳಗೆ ಬಂದಾಗ ತೆಗೆಯಿರಿ.

ನಾವು ಕೇಳುವುದು

ಡೆಸ್ಕಿನವರನ್ನು ಕೇಳುತ್ತೇವೆ: ಹಿನ್ನೆಲೆ ಮಸುಕು ಎಂಬ ಒಂದೇ ಕಾರಣಕ್ಕೆ ರಾತ್ರಿ ಫೋಟೊ ತಿರಸ್ಕರಿಸಬೇಡಿ. ಜನ ಕಾಣುವ ಫೋಟೊಗೆ ಮುಖ ಕಾಣುವ ಫೋಟೊಗಿಂತ ಕಡಿಮೆ ಬೆಲೆ ಕಟ್ಟಬೇಡಿ. ಪತ್ರಿಕೋದ್ಯಮ ಕಲಿಸುವವರನ್ನು ಕೇಳುತ್ತೇವೆ: ಬೋರ್ಡಿನ ಮೇಲೆ ಕ್ಯಾಮೆರಾದ ಚಿತ್ರ ಬರೆದು ಭಾಗಗಳ ಹೆಸರು ಬಾಯಿಪಾಠ ಮಾಡಿಸಿದ್ದು ಸಾಕು. ವಿದ್ಯಾರ್ಥಿಗಳನ್ನು ಒಂದು ರಾತ್ರಿ ಹತ್ತಿರದ ಹಳ್ಳಿಗೆ ಕರೆದುಕೊಂಡು ಹೋಗಿ, ಅದೇ ಚೌಕವನ್ನು ಆಟೋದಲ್ಲೊಮ್ಮೆ, ಸ್ಲೋ ಸಿಂಕ್‌ನಲ್ಲೊಮ್ಮೆ ತೆಗೆಸಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಪಾಠ ಅಲ್ಲಿಗೇ ಮುಗಿಯುತ್ತದೆ. ಜೊತೆಯ ಸ್ಟ್ರಿಂಗರ್‌ಗಳನ್ನು ಕೇಳುತ್ತೇವೆ: ಇಂದು ರಾತ್ರಿಯೇ ಮೆನು ತೆರೆದು ನೋಡಿ.

ಓದುಗರಾದ ನಿಮಗೂ ಒಂದು ಕೆಲಸವಿದೆ. ನಿಮ್ಮೂರಿನ ರಾತ್ರಿ ಸುದ್ದಿಯ ಫೋಟೊ ಪೇಪರಿನಲ್ಲಿ ಬಂದಾಗ ಹಿಂದಿನ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಫೋಟೊ ತೆಗೆದವರನ್ನು ಕೇಳಿ, "ನಾವೂ ಅಲ್ಲೇ ಇದ್ವಲ್ಲ, ಯಾಕೆ ಕಾಣ್ತಿಲ್ಲ?" ಅಂತ. ಮುಂದಿನ ಸಲ ಅವರು ಬಂದಾಗ ಮುಂದೆ ನಿಂತ ಶಾಲಿನವರನ್ನು ತುಸು ಪಕ್ಕಕ್ಕೆ ಸರಿಸಿ, ಕೊಡ ಹಿಡಿದವರನ್ನು ದೀಪದ ಹತ್ತಿರ ಕರೆಯಿರಿ.